"ಶಿಕ್ಷೆ ಆಗುವವರೆಗೂ ಶೇರ್ ಮಾಡಿ": ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೋ ನಿಮ್ಮ ಫೋನಿಗೆ ಬಂದರೆ?

ಮಗುವೊಂದರ ಮೇಲೆ ದೌರ್ಜನ್ಯ ನಡೆಯುವ ವಿಡಿಯೋ. ಕೆಳಗೆ ಎರಡು ಸಾಲು: "ಈ ಪಾಪಿಗೆ ಶಿಕ್ಷೆ ಆಗುವವರೆಗೂ ಶೇರ್ ಮಾಡಿ. ನಿಮಗೂ ಮಕ್ಕಳಿದ್ದರೆ ಸುಮ್ಮನಿರಬೇಡಿ." ಇಂಥದ್ದು ನಿಮಗೂ ಬಂದಿರಬಹುದು. ಕಳಿಸಿದವರು ಕೆಟ್ಟವರೇನಲ್ಲ, ನೆಂಟರೋ, ಹಳೇ ಸಹಪಾಠಿಯೋ, ಊರಿನ ಸಂಘದ ಗ್ರೂಪಿನವರೋ ಆಗಿರುತ್ತಾರೆ. ಆದರೆ ಹೀಗೆ ಶೇರ್ ಮಾಡಿದರೆ ಆ ಮಗುವಿಗೆ ನ್ಯಾಯ ಸಿಗುತ್ತದೆಯೇ?

ಇಲ್ಲ. ಕಳಿಸಿದವರೇ ಆರೋಪಿಯಾಗುವ ಸಾಧ್ಯತೆ ಇದೆ.

ಪುತ್ತೂರಿನವರಿಗೆ ಇದು ಗೊತ್ತಿರುವ ವಿಷಯ. 2019ರ ಜುಲೈ ಆರಂಭದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋ ಇಲ್ಲಿ ವಾಟ್ಸಾಪಿನಲ್ಲಿ ಹರಿದಾಡಿತು. ಕೃತ್ಯ ನಡೆದದ್ದು ಅದಕ್ಕೆ ಕೆಲವು ತಿಂಗಳ ಹಿಂದೆ. ಪೊಲೀಸರು ಐವರು ವಿದ್ಯಾರ್ಥಿಗಳನ್ನು ಬಂಧಿಸಿದರು. ವಿಡಿಯೋ ಹಂಚಿದವರ ಮೇಲೂ ಕೇಸು ಹಾಕುತ್ತೇವೆ ಎಂದು ಎಚ್ಚರಿಸಿದರು, ಹಂಚಿದವರ ಬಂಧನವೂ ಆಯಿತು.

"ವಿಡಿಯೋ ಹೊರಗೆ ಬಂದದ್ದರಿಂದಲೇ ಅಲ್ಲವೇ ಕೇಸಾದದ್ದು?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ತನಿಖೆಗೆ ಬೇಕಾದದ್ದು ಒಂದೇ ಒಂದು ಪ್ರತಿ, ಅದೂ ಪೊಲೀಸರ ಕೈಗೆ. ಆ ಬಳಿಕ ಗ್ರೂಪಿನಿಂದ ಗ್ರೂಪಿಗೆ ಹೋದ ಪ್ರತಿಗಳಿಂದ ಯಾವ ಸಾಕ್ಷ್ಯವೂ ಹೆಚ್ಚಾಗುವುದಿಲ್ಲ. ಬಸ್ಸಿನಲ್ಲಿ, ಪೇಟೆಯಲ್ಲಿ ಆ ಹುಡುಗಿಯ ಮುಖ ಗುರುತಿಸುವವರ ಸಂಖ್ಯೆ ಮಾತ್ರ ಹೆಚ್ಚಾಗುತ್ತದೆ. ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು ಬೇರೆಯೇ ಅಪರಾಧ. ಮುಖಕ್ಕೆ ಮಸುಕು ಹಾಕಿ ಊರು, ಕಾಲೇಜಿನ ಹೆಸರು ಬರೆಯುವುದೂ ಗುರುತು ಹೇಳಿದ ಹಾಗೆಯೇ.

ಕಾನೂನಿನಲ್ಲಿ ಏನಿದೆ?

ದೃಶ್ಯದಲ್ಲಿರುವವರು 18 ವರ್ಷದೊಳಗಿನವರಾದರೆ ಕಾನೂನು ಇನ್ನೂ ಬಿಗಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಮಕ್ಕಳ ಲೈಂಗಿಕ ದೃಶ್ಯ ಕಳಿಸಿದವರಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಹುಡುಕುವುದು, ಡೌನ್‌ಲೋಡ್ ಮಾಡುವುದು, ಕೂಡಿಡುವುದೂ ಅದೇ ಸೆಕ್ಷನ್ನಿನಲ್ಲಿ ಬರುತ್ತದೆ. "ನಾನು ಖಂಡಿಸಲಿಕ್ಕೆ ಕಳಿಸಿದ್ದು" ಎನ್ನುವವರಿಗೆ ಅಲ್ಲಿ ವಿನಾಯಿತಿ ಬರೆದಿಲ್ಲ.

ಇನ್ನು, ಯಾರಿಗೂ ಕಳಿಸದೆ ಫೋನಿನಲ್ಲಿ ಇಟ್ಟುಕೊಂಡರೆ? 2024ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಖಾಸಗಿಯಾಗಿ ನೋಡುವುದಷ್ಟೇ ಅಪರಾಧವಲ್ಲ ಎಂದಿತ್ತು. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದು ಪೋಕ್ಸೋ ಕಾಯ್ದೆಯ 15ನೇ ಸೆಕ್ಷನ್ನಿನಡಿ ಬರಬಹುದು. ಗ್ರೂಪಿನಲ್ಲಿ ತಾನಾಗಿ ಬಂದು ಗ್ಯಾಲರಿಯಲ್ಲಿ ಕೂತ ಫೈಲಿನ ಬಗ್ಗೆಯೂ ಯೋಚಿಸಬೇಕಾದದ್ದು ಇದಕ್ಕೇ.

ಆ ಫೋನು ಯಾರದ್ದು?

2021ರ ಮಳೆಗಾಲದ ಒಂದು ಫೋಟೋ ನಿಮಗೆ ನೆನಪಿರಬಹುದು. ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪ ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆ ಎರಡು ವರ್ಷಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳಲ್ಲಿ ಫೋನು ಮಕ್ಕಳ ಕೈಗೆ ಹೋದದ್ದು ಹೀಗೆ. ಶೋಕಿಗಲ್ಲ, ಪಾಠಕ್ಕೆ. ಕೊರೊನಾ ಹೋಯಿತು, ಕ್ಲಾಸ್ ಗ್ರೂಪು ಉಳಿಯಿತು. ಹೋಂವರ್ಕ್ ಈಗಲೂ ಅಮ್ಮನ ಫೋನಿಗೇ ಬರುತ್ತದೆ.

ಹಾಗಾಗಿ ಅಮ್ಮನ ಗ್ರೂಪಿಗೆ ಬಂದದ್ದನ್ನು ಮಗುವೂ ನೋಡುತ್ತದೆ. ಹೊರಗಿನ ಅಪರಿಚಿತರ ಬಗ್ಗೆ ನಾವು ಬೇಕಾದಷ್ಟು ಎಚ್ಚರಿಸುತ್ತೇವೆ. ನಮ್ಮದೇ ಗ್ಯಾಲರಿಯಲ್ಲಿ ಏನಿದೆ ಎಂದು ನೋಡುವುದು ಕಡಿಮೆ. (ಅಪ್ಪಂದಿರ "ಫ್ರೆಂಡ್ಸ್" ಗ್ರೂಪಿನ ವಿಷಯ ಬಿಡಿ, ಅದನ್ನು ಅವರೇ ಹೇಳಬೇಕು.)

ಮಕ್ಕಳ ರಕ್ಷಣೆಯ ಹೆಸರಿನ ಫಾರ್ವರ್ಡ್‌ನಿಂದ ಜೀವವೇ ಹೋದದ್ದೂ ನಮ್ಮ ರಾಜ್ಯದಲ್ಲಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದಿನವರನ್ನು ಮಕ್ಕಳ ಕಳ್ಳರೆಂದು ಅಟ್ಟಿಸಿಕೊಂಡು ಹೋದರು. ಮುರ್ಕಿಯಲ್ಲಿ ಜನ ಹೊಡೆದ ಏಟಿಗೆ ಒಬ್ಬ ಯುವ ಇಂಜಿನಿಯರ್ ಸತ್ತರು. ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂಬ ಮಿತಿಯನ್ನು ವಾಟ್ಸಾಪ್ ಭಾರತದಲ್ಲಿ ಪ್ರಕಟಿಸಿದ್ದು ಅದೇ ತಿಂಗಳು.

ನಿಮ್ಮದೇ ಮಗು ಸಿಕ್ಕಿಬಿದ್ದಿದ್ದರೆ

ಯಾರೋ ಸ್ನೇಹ ಬೆಳೆಸಿ ಫೋಟೋ ತೆಗೆಸಿಕೊಂಡರು, ಈಗ "ದುಡ್ಡು ಕೊಡು, ಇಲ್ಲವಾದರೆ ನಿನ್ನ ಕ್ಲಾಸ್ ಗ್ರೂಪಿಗೆ ಹಾಕುತ್ತೇನೆ" ಎನ್ನುತ್ತಿದ್ದಾರೆ. ಮಕ್ಕಳು ಇದನ್ನು ಮನೆಯಲ್ಲಿ ಹೇಳದಿರಲು ದೊಡ್ಡ ಕಾರಣವೇ ಬೈಗುಳದ ಮತ್ತು ಫೋನು ಕಸಿದುಕೊಳ್ಳುವ ಭಯ. ಬೆದರಿಸುವವನ ಬಂಡವಾಳವೂ ಅದೇ. ಮಗು ಹೇಳಿದ ದಿನ ಬೈಯಬೇಡಿ. ದುಡ್ಡು ಕೊಡಬೇಡಿ, ಕೊಟ್ಟರೆ ಇನ್ನಷ್ಟು ಕೇಳುತ್ತಾರೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜು, ಖಾತೆಯ ಹೆಸರು, ನಂಬರು, ಯುಪಿಐ ಐಡಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಮಗುವಿನ ಆ ಫೋಟೋವನ್ನು ಮಾತ್ರ ಸಲಹೆ ಕೇಳುವ ನೆಪದಲ್ಲೂ ಯಾರಿಗೂ ಕಳಿಸಬೇಡಿ.

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಕ್ಕಳ ಲೈಂಗಿಕ ದೃಶ್ಯಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಿ. ಶಾಲೆಯವರಿಗೆ ತಿಳಿದರೆ "ಶಾಲೆಯ ಮರ್ಯಾದೆ" ಎಂದು ಮುಚ್ಚಿಡುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೋ ಪ್ರಕಾರ 6 ತಿಂಗಳವರೆಗೆ ಜೈಲಾಗಬಹುದು.

ಫೋಟೋ ಹರಡದಂತೆ ತಡೆಯಲು "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯೂ ಇದೆ. ನಾಪತ್ತೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ 2023ರಲ್ಲಿ ಶುರುಮಾಡಿದ್ದು. ಫೋಟೋವನ್ನು ಅವರಿಗೆ ಕಳಿಸಬೇಕಾಗಿಲ್ಲ. ನಿಮ್ಮ ಫೋನೇ ಅದನ್ನು ಲೆಕ್ಕಹಾಕಿ ಒಂದು ಉದ್ದನೆಯ ಸಂಖ್ಯೆಯಾಗಿ ಮಾಡುತ್ತದೆ, ಬೆರಳಚ್ಚಿನ ಹಾಗೆ. ಬೆರಳಚ್ಚಿನಿಂದ ಮುಖ ಬಿಡಿಸಲು ಆಗದಂತೆ ಆ ಸಂಖ್ಯೆಯಿಂದ ಫೋಟೋ ಮರಳಿ ತೆಗೆಯಲು ಆಗುವುದಿಲ್ಲ. ಹೋಗುವುದು ಆ ಸಂಖ್ಯೆ ಮಾತ್ರ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಸಹಭಾಗಿ ಕಂಪನಿಗಳು ಅದೇ ಸಂಖ್ಯೆಗೆ ತಾಳೆಯಾಗುವ ಚಿತ್ರ ಕಂಡರೆ ತೆಗೆಯಬಹುದು. ಆದರೆ ಎನ್‌ಕ್ರಿಪ್ಟ್ ಆದ ಚಾಟ್‌ನೊಳಗೆ ಇದು ಕೆಲಸ ಮಾಡುವುದಿಲ್ಲ. ಅಂದರೆ ವಾಟ್ಸಾಪಿನಲ್ಲಿ ಅದನ್ನು ನಿಲ್ಲಿಸಬಲ್ಲವರು ಫೋನು ಹಿಡಿದವರೇ.

ನಿಮಗೆ ಅಂಥ ವಿಡಿಯೋ ಬಂದರೆ ಮೆಸೇಜನ್ನು ಒತ್ತಿಹಿಡಿದು ರಿಪೋರ್ಟ್ ಕೊಡಿ, ಕಳಿಸಿದವರ ನಂಬರು ಬರೆದಿಟ್ಟುಕೊಂಡು ದೂರು ಕೊಡಿ, ಫೈಲನ್ನು ಚಾಟ್‌ನಿಂದಲೂ ಗ್ಯಾಲರಿಯಿಂದಲೂ ಅಳಿಸಿ. ಕಳಿಸಿದ ನೆಂಟರಿಗೆ ಒಂದು ಫೋನು ಮಾಡಿ ಹೇಳಿ, ಗ್ರೂಪಿನಲ್ಲಿ ಜಗಳ ಬೇಡ. ಮತ್ತೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ "ಸ್ಟೋರೇಜ್ ಆಂಡ್ ಡೇಟಾ" ತೆರೆದು, "ಮೀಡಿಯಾ ಆಟೋ-ಡೌನ್‌ಲೋಡ್" ಕೆಳಗಿನ ಮೂರೂ ಕಡೆ ಟಿಕ್ ತೆಗೆಯಿರಿ. ಆಂಡ್ರಾಯ್ಡ್ ಫೋನಾದರೆ "ಚಾಟ್ಸ್" ಒಳಗಿನ "ಮೀಡಿಯಾ ವಿಸಿಬಿಲಿಟಿ"ಯನ್ನೂ ಆಫ್ ಮಾಡಿ. ಕ್ಲಾಸ್ ಗ್ರೂಪಿನ ಹೋಂವರ್ಕ್ ಫೋಟೋವನ್ನು ಆಮೇಲೆ ಒಂದು ಸಲ ಒತ್ತಿ ತೆರೆಯಬೇಕಾಗುತ್ತದೆ, ಅಷ್ಟೇ.