ಸಾಲದ ಜಾತಕ

ಮಗಳ ಮದುವೆಯ ಮಾತು ಬಂದಾಗ ವರನ ಜಾತಕವನ್ನು ತಂದೆ ತರಿಸುತ್ತಾನೆ. ಸೋದರಮಾವ ಅದನ್ನು ಜೋಯಿಸರಲ್ಲಿಗೆ ಒಯ್ಯುತ್ತಾನೆ. ನೆಂಟರಿಷ್ಟರು ಅದರ ಗುಣದೋಷಗಳನ್ನು ಎಣಿಸುತ್ತಾರೆ. ಯಾರ ಜಾತಕವೋ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಅದನ್ನು ನೋಡಿರುತ್ತಾರೆ. ಇಂದಿನ ದಿನಗಳಲ್ಲಿ ಇನ್ನೊಂದು ಬಗೆಯ ಜಾತಕ ಹುಟ್ಟಿಕೊಂಡಿದೆ. ಗ್ರಹಗತಿಗಳ ಬದಲು ಸಾಲದ ಕಂತುಗಳು ಅದರಲ್ಲಿವೆ. ಇದರ ಕಟ್ಟಳೆ ಮಾತ್ರ ಮೊದಲಿನದಕ್ಕೆ ತೀರ ವಿರುದ್ಧವಾದುದು. ಯಾರ ಜಾತಕವೋ ಅವನೇ ಕೇಳಬೇಕು. ಹೆತ್ತ ಮಗನಾದರೂ ಮರೆಯಲ್ಲಿ ತರಿಸುವಂತಿಲ್ಲ.

ಕ್ರೆಡಿಟ್ ರಿಪೋರ್ಟ್ ಎಂಬ ಈ ಸಾಲದ ವರದಿಯನ್ನು ಜನ ‘ಸಿಬಿಲ್’ ಎಂದೇ ಕರೆಯುತ್ತಾರೆ. 2000ದಲ್ಲಿ ಸ್ಥಾಪಿತವಾದ ಒಂದು ಕಂಪೆನಿಯ ಹೆಸರೇ ಈಗ ವರದಿಯ ಹೆಸರಾಗಿ ನಿಂತುಬಿಟ್ಟಿದೆ. ನಿಜವಾಗಿ ಇಂಥ ಕಂಪೆನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿ.ಆರ್.ಐ.ಎಫ್. ಹೈಮಾರ್ಕ್. ಯಾರು, ಎಲ್ಲಿ, ಎಷ್ಟು ಸಾಲ ಪಡೆದರು, ಯಾವ ತಿಂಗಳ ಕಂತು ತಪ್ಪಿತು, ಯಾರಿಗೆ ಜಾಮೀನು ನಿಂತರು ಎಂಬ ವಿವರಗಳನ್ನು ಬ್ಯಾಂಕುಗಳು ಇವುಗಳಿಗೆ ಒಪ್ಪಿಸುತ್ತವೆ. ಎಲ್ಲವನ್ನೂ ಕೂಡಿ ಕಳೆದು 300ರಿಂದ 900ರ ನಡುವಿನ ಒಂದು ಅಂಕವನ್ನು ಕೊಡಲಾಗುತ್ತದೆ.

ಪುತ್ತೂರಿನ ಹಳೆಯ ಪತ್ತು

ಸಾಲಗಾರನ ನಡತೆಯನ್ನು ವಿಚಾರಿಸುವುದು ಪುತ್ತೂರಿನ ಸೀಮೆಗೆ ಹೊಸದಲ್ಲ. ದಕ್ಷಿಣ ಕನ್ನಡದ ಸಹಕಾರ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರು 1909ರಲ್ಲಿ ಪತ್ತಿನ ಸಂಘವನ್ನು ಕಟ್ಟಿದ್ದು ಇದೇ ಪುತ್ತೂರಿನಲ್ಲಿ. ಮುಂದೆ ಮಂಗಳೂರಿಗೆ ಹೋಗಿ ನೆಲೆಸಿದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಕಣ್ತೆರೆದದ್ದೂ ಇಲ್ಲಿಯೇ. ‘ಪತ್ತು’ ಎಂಬ ಮಾತಿನಲ್ಲಿಯೇ ನಂಬಿಕೆಯ ಅರ್ಥವಿದೆ. ಒಬ್ಬ ರೈತನಿಗೆ ಎಷ್ಟು ಕೊಡಬಹುದು ಎಂಬುದನ್ನು ಅವನ ಗದ್ದೆ, ತೋಟ, ನಡೆನುಡಿ ಬಲ್ಲ ನೆರೆಹೊರೆಯವರೇ ಸಂಘದ ಜಗಲಿಯಲ್ಲಿ ಕುಳಿತು ತೀರ್ಮಾನಿಸುತ್ತಿದ್ದರು. ವರದಿ ಅವರ ತಲೆಯಲ್ಲಿತ್ತು. ಅದರಲ್ಲಿ ಅನುಕೂಲವಿತ್ತು, ಮುಜುಗರವೂ ಇತ್ತು. ಒಬ್ಬನ ಸಾಲ ಊರಿಗೆಲ್ಲ ತಿಳಿದಿರುತ್ತಿತ್ತು.

ಈಗ ಆ ಜಗಲಿಯ ಸ್ಥಾನದಲ್ಲಿ ಗಣಕಯಂತ್ರ ಬಂದಿದೆ. ಅದರ ನೆನಪು ದೊಡ್ಡದು. ಆದರೆ ಅದಕ್ಕೆ ಮುಖಪರಿಚಯವಿಲ್ಲ.

ಒಂದು ತೋಟದ ಮನೆ

ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ ಒಂದು ಅಡಿಕೆ ತೋಟದ ಮನೆಯನ್ನು ಊಹಿಸಿಕೊಳ್ಳೋಣ. ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ಎಲೆ ರೋಗಕ್ಕೆ ಸಿಕ್ಕಿ ಸೊರಗಿದ ತೋಟಗಳು ಎಷ್ಟೋ ಇವೆ. ಎಪ್ಪತ್ತು ದಾಟಿದ ಯಜಮಾನರು ಸತ್ತ ಮರಗಳ ಜಾಗದಲ್ಲಿ ಬೇರೆ ಬೆಳೆ ಹಾಕಲು ಸಾಲ ಕೇಳಿದರು. ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ಬ್ಯಾಂಕು ಹೇಳಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ಅಪ್ಪನ ಪರವಾಗಿ ತಾನೇ ವರದಿಯನ್ನು ತರಿಸಲು ಕುಳಿತ.

“ಅಪ್ಪಾ, ನಿಮ್ಮ ಮೊಬೈಲಿಗೆ ಒಂದು ಸಂಖ್ಯೆ ಬಂದಿರಬೇಕು. ಓದಿ ಹೇಳಿ.”

“ಯಾವ ಮೊಬೈಲು ಮಾರಾಯ? ಆ ನಂಬ್ರ ಹೋಗಿ ಎರಡು ಮಳೆಗಾಲ ಆಯಿತು.”

“ಹಾಗಾದರೆ ನನ್ನ ನಂಬ್ರವನ್ನೇ ನಿಮ್ಮದೆಂದು ಕೊಟ್ಟರೆ ಆಗದೆ?”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ಯಜಮಾನರು, “ನೀನು ದೀಪಾವಳಿಗೆ ಬರುವೆಯಲ್ಲ, ಆಗ ನೋಡುವ,” ಎಂದರು.

ಆ ಮೌನಕ್ಕೆ ಕಾರಣವಿತ್ತು. ಹಿಂದೊಮ್ಮೆ ದಾಯಾದಿಯೊಬ್ಬನ ಸಾಲಕ್ಕೆ ಅವರು ಜಾಮೀನು ಸಹಿ ಹಾಕಿದ್ದರು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಗನಿಗೆ ಅಡ್ಡಿಯೆಂದು ತೋರಿದ ನಿಯಮ ಇಂಥ ಮೌನವನ್ನು ಕಾಯುವುದಕ್ಕಾಗಿಯೇ ಇದೆ. 2005ರಲ್ಲಿ ಸಂಸತ್ತು ಅಂಗೀಕರಿಸಿದ ಪತ್ತು ಮಾಹಿತಿ ಕಂಪೆನಿಗಳ ನಿಯಂತ್ರಣ ಕಾಯಿದೆ 2006ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರ ಪ್ರಕಾರ, ಅಧಿಕಾರವಿಲ್ಲದೆ ಇನ್ನೊಬ್ಬರ ಪತ್ತಿನ ಮಾಹಿತಿಯನ್ನು ಪಡೆಯುವುದು ದಂಡನೀಯ ಅಪರಾಧ. ತಂದೆಯ ಹೆಸರಿನಲ್ಲಿ ಮಗ, ಹೆಂಡತಿಯ ಹೆಸರಿನಲ್ಲಿ ಗಂಡ, ತಾನೇ ಅವರೆಂದು ನಟಿಸಿ ಕೇಳಿದರೆ, ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ಅದು ಸರಿಯಾಗದು.

ಹಾಗಾದರೆ ನೆರವಾಗುವುದು ಹೇಗೆ? ಮೊದಲು ಯಜಮಾನರೇ ಬ್ಯಾಂಕಿಗೆ ಹೋಗಿ ತಮ್ಮ ಈಗಿನ ಮೊಬೈಲ್ ಸಂಖ್ಯೆಯನ್ನು ಖಾತೆಗೆ ಸೇರಿಸಬೇಕು. ಬಳಿಕ ಮಗ ಪಕ್ಕದಲ್ಲಿ ಕುಳಿತು ಅವರ ಪಾನ್ ಸಂಖ್ಯೆ, ವಿಳಾಸ ಮುಂತಾದುವನ್ನು ತುಂಬಬಹುದು. ಕೈ ಮಗನದು, ಒಪ್ಪಿಗೆ ತಂದೆಯದು. ಹಾಸಿಗೆ ಹಿಡಿದವರು ಪವರ್ ಆಫ್ ಅಟಾರ್ನಿ ಎಂಬ ಅಧಿಕಾರಪತ್ರವನ್ನು ಬರೆದುಕೊಟ್ಟಿದ್ದರೆ, ಅದರೊಡನೆ ಇಬ್ಬರ ಗುರುತಿನ ದಾಖಲೆಗಳನ್ನೂ ಇಟ್ಟು ಕಂಪೆನಿಗೆ ಲಿಖಿತವಾಗಿ ಕೇಳಿಕೊಳ್ಳಬಹುದು. ಪರಿಶೀಲಿಸಿ ಒಪ್ಪುವುದು ಕಂಪೆನಿಗೆ ಬಿಟ್ಟದ್ದು.

ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ 2017ರಿಂದ ಪ್ರತಿಯೊಂದು ಕಂಪೆನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಬಿಟ್ಟಿಯಾಗಿ ಕೊಡಬೇಕು. ತನ್ನ ವರದಿಯನ್ನು ತಾನೇ ಕೇಳಿದರೆ ಅಂಕ ಇಳಿಯುವುದೆಂಬ ಭಯಕ್ಕೆ ಆಧಾರವಿಲ್ಲ. ಸಾಲಕ್ಕಾಗಿ ಹಲವು ಬ್ಯಾಂಕುಗಳ ಬಾಗಿಲು ತಟ್ಟಿ, ಅವುಗಳೆಲ್ಲ ಮೇಲಿಂದ ಮೇಲೆ ವಿಚಾರಿಸಿದಾಗ ಮಾತ್ರ ಅದರ ಛಾಯೆ ಬೀಳುತ್ತದೆ. ‘ಸಿಬಿಲ್ ಸರಿಮಾಡಿಸಿ ಕೊಡುತ್ತೇನೆ’ ಎಂದು ಹಣ ಕೇಳುವ ದಲ್ಲಾಳಿಯ ಕೈಗೆ ಪಾನ್ ಚೀಟಿಯನ್ನೂ ಮೊಬೈಲಿಗೆ ಬಂದ ಗುಟ್ಟಿನ ಸಂಖ್ಯೆಯನ್ನೂ ಕೊಡುವುದೆಂದರೆ ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಜಾಮೀನುದಾರನ ಪಾಡು

ಕಡಬದ ಪೇಟೆಯಲ್ಲಾಗಲಿ ಪುತ್ತೂರಿನ ಅಡಿಕೆ ಮಂಡಿಯಲ್ಲಾಗಲಿ, ‘ಒಂದು ಸಹಿ ತಾನೆ?’ ಎಂಬ ಮಾತಿಗೆ ಇಂದಿಗೂ ತೂಕವಿದೆ. ಸಹಿ ಹಾಕುವವನು ಸಾಲಗಾರನ ವರದಿಯನ್ನು ತಾನಾಗಿ ತರಿಸಲಾರ. ಆದರೆ ಸಾಲ ಕೆಟ್ಟರೆ ಅದರ ಕಲೆ ಇವನ ವರದಿಗೂ ಅಂಟುತ್ತದೆ. ಆದುದರಿಂದ ಸಹಿಗೆ ಮುನ್ನ, “ನಿನ್ನ ವರದಿಯನ್ನು ತೆಗೆಸಿ ತಾ, ಇಬ್ಬರೂ ನೋಡುವ,” ಎಂದು ಕೇಳುವುದು ಅಪಮಾನವಲ್ಲ, ವಿವೇಕ. ದಾಕ್ಷಿಣ್ಯದ ಆ ಒಂದು ಗಳಿಗೆಯನ್ನು ದಾಟಲಾರದೆ ಹೋದವರು ಮುಂದೆ ವರ್ಷಗಟ್ಟಲೆ ಪಶ್ಚಾತ್ತಾಪ ಪಡುತ್ತಾರೆ.

ಎಲ್ಲ ಸಾಲಗಳೂ ಗುಟ್ಟಿನವಲ್ಲ. ಜಮೀನಿನ ಮೇಲಿನ ಬೆಳೆಸಾಲ ಪಹಣಿಯ ಹನ್ನೊಂದನೆಯ ಅಂಕಣದಲ್ಲಿ ಕಾಣಿಸುತ್ತದೆ; ಪಹಣಿಯನ್ನು ಯಾರು ಬೇಕಾದರೂ ಪಡೆಯಬಹುದು. ನೋಂದಾಯಿತ ಅಡಮಾನಗಳು ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ದೊರೆಯುತ್ತವೆ. ನೆಲದ ಮೇಲಿನ ಋಣ ಬಹಿರಂಗ, ಮನುಷ್ಯನ ಮೇಲಿನ ಋಣ ಅಂತರಂಗ ಎಂಬ ಈ ಭೇದವನ್ನು ತಿಳಿದವರು ಅರ್ಧ ವಿಚಾರಣೆಯನ್ನು ತಾಲ್ಲೂಕು ಕಚೇರಿಯಲ್ಲಿಯೇ ಮುಗಿಸಬಹುದು.

ತಂದೆ ತೀರಿಕೊಂಡ ಮೇಲೆ ಸಾಲದ ಸುದ್ದಿ ತಿಳಿಯುವ ಮನೆಗಳೂ ಉಂಟು. ಆಗ ಮರಣಪತ್ರ ಮತ್ತು ವಾರಸುದಾರರ ದಾಖಲೆಗಳೊಡನೆ ಸಾಲ ಕೊಟ್ಟ ಸಂಸ್ಥೆಯಲ್ಲಿಯೇ ಲೆಕ್ಕ ಕೇಳುವುದು ಸರಿಯಾದ ದಾರಿ. ತಾವೂ ಸಹಿ ಹಾಕಿರದ ಪಕ್ಷದಲ್ಲಿ, ಮಕ್ಕಳ ಹೊಣೆ ತಂದೆಯಿಂದ ಬಂದ ಆಸ್ತಿಯ ಮಿತಿಯನ್ನು ಮೀರದು. ಇದನ್ನರಿಯದೆ ಹೆದರಿ ಹೊಸ ಪತ್ರಗಳಿಗೆ ಸಹಿ ಮಾಡಬಾರದು.

ವರದಿಯಲ್ಲಿ ತಪ್ಪುಗಳಿರುವುದೂ ಉಂಟು: ತೀರಿದ ಸಾಲ ತೀರದಂತೆ, ಒಂದೇ ಹೆಸರಿನ ಇನ್ನೊಬ್ಬನ ಸಾಲ ಇವನದೆಂಬಂತೆ. ದೂರನ್ನು 30 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿದೆ. ಅಷ್ಟರಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಬಡ್ಡಿ ಬಿಡಿಸಿಕೊಂಡು ರಾಜಿಯಲ್ಲಿ ಮುಗಿಸಿದ ಸಾಲವನ್ನು ಮಾತ್ರ ವರದಿ ‘ಪೂರ್ತಿ ತೀರಿತು’ ಎನ್ನುವುದಿಲ್ಲ, ‘ರಾಜಿಯಾಯಿತು’ ಎನ್ನುತ್ತದೆ. ಮುಂದೆ ಸಾಲ ಕೊಡುವವನು ಆ ಮಾತನ್ನು ಗಮನಿಸುತ್ತಾನೆ.

ಸಂಪಾಜೆಯ ದಾರಿಯ ಆ ಮನೆಗೆ ದೀಪಾವಳಿ ಬಂತೆನ್ನೋಣ. ಗೋಪೂಜೆ ಮುಗಿದ ಮೇಲೆ ತಂದೆ ಮಕ್ಕಳಿಬ್ಬರೂ ಚಾವಡಿಯಲ್ಲಿ ಕುಳಿತಿದ್ದಾರೆ. ಮೊಬೈಲಿಗೆ ಬಂದ ಆರು ಅಂಕೆಗಳನ್ನು ಯಜಮಾನರು ಕನ್ನಡಕ ಸರಿಪಡಿಸಿಕೊಂಡು ಒಂದೊಂದಾಗಿ ಓದುತ್ತಾರೆ. ವರದಿ ತೆರೆಯುವ ಮುನ್ನವೇ ಅವರು, “ಅದರಲ್ಲಿ ನನ್ನದಲ್ಲದ ಒಂದು ಸಾಲ ಇರಬಹುದು. ಅದರ ಕಥೆಯನ್ನು ಮೊದಲು ಹೇಳುತ್ತೇನೆ,” ಎನ್ನುತ್ತಾರೆ.

ಮಗ ಗಣಕಯಂತ್ರವನ್ನು ಪಕ್ಕಕ್ಕಿಟ್ಟು ಕೇಳತೊಡಗುತ್ತಾನೆ.