ಬಾಗಿಲ ಹಿಂದಿನ ಮಾತು: ವಿಮಾನ ತಯಾರಿಕೆ ಮತ್ತು ಸಂಸ್ಥೆಯ ನಡವಳಿಕೆ

ವಿಮಾನ ಅಪಘಾತವೆಂದೊಡನೆ ನಮ್ಮ ನೆನಪಿಗೆ ಬರುವುದು ಚಾಲಕನ ತಪ್ಪು, ಕೆಟ್ಟ ಹವೆ, ಇಲ್ಲವೇ ಯಂತ್ರದ ದೋಷ. ಆದರೆ ‘ಯಂತ್ರದ ದೋಷ’ ಎಂದು ಬರೆದು ಕಡತ ಮುಚ್ಚಿದರೆ ಅರ್ಧ ಸಂಗತಿ ಮಾತ್ರ ಹೇಳಿದಂತಾಗುತ್ತದೆ. ಆ ದೋಷವನ್ನು ಮೊದಲೇ ಕಂಡವರು ಕಾರ್ಖಾನೆಯೊಳಗೇ ಇದ್ದರೆ? ಅವರ ಮಾತು ಮೇಲಧಿಕಾರಿಯ ಮೇಜನ್ನು ಮುಟ್ಟಿ ಅಲ್ಲಿಯೇ ಉಳಿದುಬಿಟ್ಟಿದ್ದರೆ? ಈ ಪ್ರಶ್ನೆಗಳನ್ನು ಒಂದು ಬಾಗಿಲಿನ ಮೂಲಕವೇ ನೋಡೋಣ.

ವಿಮಾನ ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗುತ್ತದೆ. ಒಳಗೆ ನಾವು ಉಸಿರಾಡಬೇಕಲ್ಲ, ಆದ್ದರಿಂದ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುತ್ತಾರೆ. ಪೂರ್ಣ ಎತ್ತರದಲ್ಲಿ ಹಾರುವಾಗ ಬಾಗಿಲಿನ ಒಂದೊಂದು ಚದರ ಅಡಿಯ ಮೇಲೂ ಸಾವಿರ ಪೌಂಡಿಗೆ ಮೀರಿದ ನೂಕು ಬೀಳುತ್ತದೆ. ಒಳಗಿನಿಂದ ಬಿರಡೆಯಂತೆ ಕೂರುವ ಬಾಗಿಲನ್ನು ಈ ಒತ್ತಡವೇ ಇನ್ನಷ್ಟು ಬಿಗಿ ಮಾಡುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಎಲ್ಲ ಭಾರವೂ ಕೊಂಡಿಗಳ ಮೇಲೆ. ಅಮೆರಿಕದ ಮೆಕ್‌ಡೊನೆಲ್ ಡಗ್ಲಸ್ ಕಂಪನಿಯ ಡಿ.ಸಿ.-10 ವಿಮಾನದ ಸರಕು ಬಾಗಿಲು ಈ ಎರಡನೆಯ ಬಗೆಯದು. ಸಾಮಾನಿಗೆ ಹೆಚ್ಚು ಜಾಗ ಸಿಗುತ್ತದೆಂಬುದು ಅದರ ಲಾಭ.

1970ರಲ್ಲಿ ನೆಲದ ಮೇಲೆ ಒತ್ತಡ ಪರೀಕ್ಷೆ ನಡೆಸುವಾಗಲೇ ಆ ಬಾಗಿಲು ಹಾರಿಹೋಗಿ, ಪ್ರಯಾಣಿಕರ ಕೋಣೆಯ ನೆಲ ಕುಸಿಯಿತು. ವಿಮಾನದ ಬಾಲವನ್ನು ನಿಯಂತ್ರಿಸುವ ತಂತಿಗಳು ಹಾದುಹೋಗುವುದು ಅದೇ ನೆಲದ ಕೆಳಗೆ. 1972ರ ಜೂನ್ 12ರಂದು, ಡೆಟ್ರಾಯಿಟ್‌ನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ ವಿಮಾನದಲ್ಲಿ ಇದೇ ಘಟನೆ ಆಕಾಶದಲ್ಲಿ ಮರುಕಳಿಸಿತು. ಒಳಗಿದ್ದವರು 67 ಮಂದಿ. ಕ್ಯಾಪ್ಟನ್ ಬ್ರೈಸ್ ಮೆಕ್‌ಕಾರ್ಮಿಕ್ ಎಂಜಿನುಗಳ ವೇಗವನ್ನು ಹೆಚ್ಚು ಕಡಿಮೆ ಮಾಡಿಯೇ ವಿಮಾನ ತಿರುಗಿಸುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿದ್ದರು. ಎಲ್ಲರೂ ಬದುಕಿದರು.

ಇನ್ನು ಮುಂದಿನದು ಯಂತ್ರಶಾಸ್ತ್ರವಲ್ಲ, ಮನುಷ್ಯರ ವ್ಯವಹಾರ. ಸರ್ಕಾರದ ವಿಮಾನಯಾನ ಆಡಳಿತವು ಕಡ್ಡಾಯ ಆದೇಶ ಹೊರಡಿಸಬೇಕಿತ್ತು. ಅದರ ಮುಖ್ಯಸ್ಥರಿಗೂ ಕಂಪನಿಯ ಅಧ್ಯಕ್ಷರಿಗೂ ದೂರವಾಣಿಯಲ್ಲಿ ಮಾತಾಯಿತು. ಆದೇಶದ ಬದಲು ಕಂಪನಿಯೇ ಸೂಚನಾಪತ್ರ ಕಳಿಸಿದರೆ ಸಾಕೆಂದು ತೀರ್ಮಾನವಾಯಿತು. ‘ಸಭ್ಯರ ಒಪ್ಪಂದ’ ಎಂದು ಆಮೇಲೆ ಅದಕ್ಕೆ ಹೆಸರು ಬಂತು. ಡಿ.ಸಿ.-10ರ ಒಡಲನ್ನೂ ಬಾಗಿಲನ್ನೂ ತಯಾರಿಸಿಕೊಡುತ್ತಿದ್ದ ಕಾನ್ವೇರ್ ಕಂಪನಿಯಲ್ಲಿ ಡ್ಯಾನ್ ಆಪಲ್‌ಗೇಟ್ ಎಂಬ ಹಿರಿಯ ಎಂಜಿನಿಯರು ಆ ಜೂನ್ 27ರಂದು ಒಂದು ಟಿಪ್ಪಣಿ ಬರೆದರು. ಮುಂದಿನ 20 ವರ್ಷಗಳಲ್ಲಿ ಈ ಬಾಗಿಲುಗಳು ತೆರೆದುಕೊಳ್ಳುವುದು ಖಚಿತ, ಹಾಗಾದಾಗ ಸಾಮಾನ್ಯವಾಗಿ ವಿಮಾನವೇ ನಾಶವಾಗಬಹುದು ಎಂಬುದು ಅದರ ಸಾರ. ಮೇಲಧಿಕಾರಿಗಳು ಆತ ಹೇಳಿದ್ದು ಸುಳ್ಳೆನ್ನಲಿಲ್ಲ. ಆದರೆ ನಾವೇ ವಿಷಯ ಎತ್ತಿದರೆ ರಿಪೇರಿಯ ಖರ್ಚು ನಮ್ಮ ತಲೆಗೆ ಬಂದೀತು ಎಂದು ಯೋಚಿಸಿದರು. ಟಿಪ್ಪಣಿ ಡಗ್ಲಸ್ ಕಂಪನಿಗೆ ಹೋಗಲೇ ಇಲ್ಲ.

ಬಾಗಿಲಿಗೆ ಒಂದು ಸಣ್ಣ ಗಾಜಿನ ಕಿಂಡಿ ಇಟ್ಟರು, ಸಾಮಾನು ತುಂಬುವವನು ಇಣುಕಿ ಕೊಂಡಿ ಕೂತಿದೆಯೇ ಎಂದು ನೋಡಲಿ ಎಂದು. ಕೊಂಡಿಗೆ ಬಲ ಕೊಡುವ ಒಂದು ತಗಡನ್ನೂ ಸೂಚಿಸಿದರು. ಟರ್ಕಿಶ್ ಏರ್‌ಲೈನ್ಸ್‌ಗೆ ಹೋದ ಒಂದು ವಿಮಾನದಲ್ಲಿ ಆ ತಗಡು ಹಾಕಿದ್ದಾಗಿ ಕಾರ್ಖಾನೆಯ ದಾಖಲೆಯಲ್ಲಿ ಮುದ್ರೆಗಳು ಬಿದ್ದಿದ್ದವು. ತಗಡು ಹಾಕಿರಲಿಲ್ಲ! 1974ರ ಮಾರ್ಚ್ 3ರಂದು ಪ್ಯಾರಿಸ್‌ನಲ್ಲಿ ಆ ಬಾಗಿಲು ಹಾಕಿದ ಕೆಲಸಗಾರನಿಗೆ ಕಿಂಡಿ ಏತಕ್ಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲ ಮೇಲಿನ ಸೂಚನೆ ಇಂಗ್ಲಿಷ್ ಮತ್ತು ಟರ್ಕಿ ಭಾಷೆಗಳಲ್ಲಿತ್ತು, ಆತನಿಗೆ ಎರಡೂ ಬಾರದು. ಮೇಲೇರಿದ ಕೆಲವೇ ನಿಮಿಷಗಳಲ್ಲಿ ವಿಮಾನ ಎರ್ಮೆನಾನ್‌ವಿಲ್ ಕಾಡಿಗೆ ಬಿತ್ತು. ಸತ್ತವರು 346 ಮಂದಿ. ಮೊದಮೊದಲು ದೂಷಣೆಗೆ ಗುರಿಯಾದವನು ಆ ಬಡ ಕೆಲಸಗಾರನೇ ಎಂಬುದನ್ನು ಓದಿದಾಗ ಬೇಸರವಾಗುತ್ತದೆ. ಕಡ್ಡಾಯ ಆದೇಶ ಬಂದದ್ದು ಆ ನಂತರ.

1997ರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಕಂಪನಿ ಬೋಯಿಂಗ್‌ನಲ್ಲಿ ವಿಲೀನವಾಯಿತು. ಕೊಂಡವರು ಬೋಯಿಂಗ್‌ನವರಾದರೂ ಗೆದ್ದದ್ದು ಡಗ್ಲಸ್‌ನವರ ಲೆಕ್ಕಾಚಾರ ಎಂದು ಹಳೆಯ ಎಂಜಿನಿಯರುಗಳು ಹೇಳುತ್ತಿದ್ದರು. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಹಳೆಯ ಕಾಲದ್ದೆಲ್ಲ ಚಿನ್ನವಾಗಿರಲಿಲ್ಲ. ಆದರೆ 2001ರಲ್ಲಿ ಪ್ರಧಾನ ಕಚೇರಿ ಸಿಯಾಟಲ್ ಬಿಟ್ಟು ಶಿಕಾಗೋಗೆ ಹೋದದ್ದು ನಿಜ. ಕಾರ್ಖಾನೆಯ ಸದ್ದು ಕೇಳದಷ್ಟು ದೂರ. 2005ರಲ್ಲಿ ವಿಚಿಟಾದ ಒಡಲು ತಯಾರಿಕೆಯ ಘಟಕವನ್ನೇ ಮಾರಿದರು. ಅದು ಸ್ಪಿರಿಟ್ ಏರೋಸಿಸ್ಟಮ್ಸ್ ಆಯಿತು.

ಏರ್‌ಬಸ್‌ನವರು 2010ರ ಕೊನೆಗೆ ಇಂಧನ ಉಳಿಸುವ ಎ-320 ನಿಯೋ ಪ್ರಕಟಿಸಿದಾಗ ಬೋಯಿಂಗ್ ಹೊಸ ವಿಮಾನ ರೂಪಿಸುವ ಬದಲು 1960ರ ದಶಕದ 737ಕ್ಕೇ ದೊಡ್ಡ ಎಂಜಿನು ಜೋಡಿಸಿ ‘ಮ್ಯಾಕ್ಸ್’ ಎಂದಿತು. ಎಂಜಿನು ಮುಂದಕ್ಕೂ ಮೇಲಕ್ಕೂ ಸರಿದದ್ದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲೇಳುವ ಸ್ವಭಾವ ಬಂತು. ಅದನ್ನು ತಡೆಯಲು ‘ಎಂಕ್ಯಾಸ್’ ಎಂಬ ಗಣಕ ವ್ಯವಸ್ಥೆ ಇಟ್ಟರು. ಅದು ನಂಬಿದ್ದು ಒಂದೇ ಒಂದು ಸಂವೇದಕವನ್ನು. ಚಾಲಕರಿಗೆ ಸಿಮ್ಯುಲೇಟರ್ ತರಬೇತಿ ಬೇಕಾದರೆ ವಿಮಾನವೊಂದಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುತ್ತೇವೆಂದು ಬೋಯಿಂಗ್ ಒಬ್ಬ ಗ್ರಾಹಕನಿಗೆ ಮಾತು ಕೊಟ್ಟಿತ್ತು. ಹೀಗಿರುವಾಗ ಎಂಕ್ಯಾಸ್ ಬಗ್ಗೆ ಕೈಪಿಡಿಯಲ್ಲಿ ವಿವರ ಇಲ್ಲದಿದ್ದುದು ಆಶ್ಚರ್ಯವೇ? 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯದಲ್ಲಿ 189, 2019ರ ಮಾರ್ಚ್‌ನಲ್ಲಿ ಇಥಿಯೋಪಿಯದಲ್ಲಿ 157 ಜೀವಗಳು ಹೋದವು. ಕೂಡಿಸಿ ನೋಡಿ, ಮತ್ತೆ 346. ಇದು ಕಾಕತಾಳೀಯವಷ್ಟೇ, ಆದರೂ ಎದೆ ಝಲ್ಲೆನ್ನುತ್ತದೆ. 2018ರ ಜೂನ್‌ನಲ್ಲೇ ರೆಂಟನ್ ಕಾರ್ಖಾನೆಯ ಹಿರಿಯ ವ್ಯವಸ್ಥಾಪಕ ಎಡ್ ಪಿಯರ್‌ಸನ್, ಕೆಲಸಗಾರರು ದಣಿದಿದ್ದಾರೆ, ಉತ್ಪಾದನೆ ನಿಲ್ಲಿಸಿ ಎಂದು 737 ವಿಭಾಗದ ಮುಖ್ಯಸ್ಥರಿಗೆ ಬರೆದಿದ್ದರು. ಉತ್ಪಾದನೆ ನಿಲ್ಲಲಿಲ್ಲ.

ಮತ್ತೆ ಬಾಗಿಲಿನ ಮಾತಿಗೆ ಬರೋಣ. 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ ವಿಮಾನದಲ್ಲಿ, ಬಳಸದ ದ್ವಾರವೊಂದನ್ನು ಮುಚ್ಚಿದ್ದ ಫಲಕ ಹಾರಿಹೋಯಿತು. ಒಳಗಿದ್ದ 177 ಮಂದಿಯೂ ಉಳಿದರು. ತನಿಖೆಯಲ್ಲಿ ಕಂಡದ್ದಿಷ್ಟು: ಸ್ಪಿರಿಟ್‌ನಿಂದ ಬಂದ ಒಡಲಿನ ರಿವೆಟುಗಳಲ್ಲಿ ದೋಷವಿತ್ತು, ಸರಿಪಡಿಸಲು 2023ರ ಸೆಪ್ಟೆಂಬರಿನಲ್ಲಿ ರೆಂಟನ್‌ನಲ್ಲಿ ಫಲಕ ತೆಗೆದರು, ಮತ್ತೆ ಕೂರಿಸುವಾಗ ನಾಲ್ಕು ಬೋಲ್ಟುಗಳನ್ನು ಹಾಕಲಿಲ್ಲ. ಫಲಕ ತೆಗೆದದ್ದಕ್ಕೆ ದಾಖಲೆಯೇ ಇರಲಿಲ್ಲವಾದ್ದರಿಂದ ಪರೀಕ್ಷಕನಿಗೆ ಕರೆಯೂ ಹೋಗಲಿಲ್ಲ. 1974ರಲ್ಲಿ ಮಾಡದ ಕೆಲಸಕ್ಕೆ ಮುದ್ರೆ ಇತ್ತು. ಇಲ್ಲಿ ಮಾಡಿದ ಕೆಲಸಕ್ಕೆ ಕಾಗದವಿರಲಿಲ್ಲ. 2025ರ ಜೂನ್‌ನಲ್ಲಿ ತನಿಖಾ ಮಂಡಳಿಯು ಯಾವೊಬ್ಬ ಕೆಲಸಗಾರನನ್ನೂ ಬೊಟ್ಟು ಮಾಡದೆ, ಸಾಕಷ್ಟು ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡದ ಬೋಯಿಂಗ್ ವ್ಯವಸ್ಥೆಯನ್ನೇ ಹೊಣೆಯಾಗಿಸಿತು. ಐವತ್ತು ವರ್ಷಗಳಲ್ಲಿ ಇಷ್ಟಾದರೂ ತಿಳಿವಳಿಕೆ ಬೆಳೆದಿದೆ.

ಇದು ದೂರದ ದೇಶದ ಸಂಗತಿಯೆಂದು ಬಿಡುವಂತಿಲ್ಲ. ಎ-320ರ ಮುಂಬಾಗಿಲುಗಳನ್ನು ಬೆಂಗಳೂರಿನ ಎಚ್.ಎ.ಎಲ್. ವರ್ಷಗಳಿಂದ ತಯಾರಿಸಿದೆ, 2024ರಲ್ಲಿ ಎ-220ರ ಬಾಗಿಲುಗಳ ಗುತ್ತಿಗೆ ಬೆಂಗಳೂರಿನದೇ ಡೈನಮ್ಯಾಟಿಕ್ ಕಂಪನಿಗೆ ಸಿಕ್ಕಿತು. ಅತ್ತ 2024ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡ ಬೋಯಿಂಗ್‌ನ ಮುಖ್ಯಸ್ಥ ಕೆಲ್ಲಿ ಓರ್ಟ್‌ಬರ್ಗ್, ಪ್ರಧಾನ ಕಚೇರಿ ವರ್ಜೀನಿಯದಲ್ಲಿದ್ದರೂ ತಾವು ಸಿಯಾಟಲ್‌ನಲ್ಲೇ, ಕಾರ್ಖಾನೆಗಳ ಹತ್ತಿರ ವಾಸಿಸುವುದಾಗಿ ಹೇಳಿದರು. ಸ್ಪಿರಿಟ್‌ನ ಒಡಲು ತಯಾರಿಕೆಯ ಘಟಕವನ್ನು ಬೋಯಿಂಗ್ 2025ರ ಡಿಸೆಂಬರಿನಲ್ಲಿ ಮರಳಿ ಕೊಂಡುಕೊಂಡಿತು.