ನಡುಕಕ್ಕೂ ಮೊದಲೇ ಕುಗ್ಗಿದ ಅಕ್ಷರ

ನಮ್ಮ ಸೋದರಮಾವನ ಲೆಕ್ಕದ ಪುಸ್ತಕ ನನ್ನ ಹತ್ತಿರವಿದೆ. ಹಾಲು, ತರಕಾರಿ, ಕರೆಂಟ್ ಬಿಲ್ಲು. ಮೊದಮೊದಲ ಪುಟಗಳಲ್ಲಿ ದುಂಡನೆಯ ಅಕ್ಷರ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಸಾಸಿವೆ ಕಾಳಿನಷ್ಟಾಗಿದೆ. ಸಾಲಿನ ಕೊನೆಗೆ ಬರುತ್ತಾ ಇನ್ನೂ ಕುಗ್ಗಿದೆ. ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ವಾಪಸಾದಾಗ 'ವಯಸ್ಸಾಯ್ತಲ್ಲ' ಎಂದು ಸುಮ್ಮನಾದೆವು. ಬಲಗೈ ಹೆಬ್ಬೆರಳು ನಡುಗತೊಡಗಿದ ಮೇಲಷ್ಟೇ ನರರೋಗ ತಜ್ಞರ ಬಳಿ ಹೋದದ್ದು. ಅದು ಪಾರ್ಕಿನ್ಸನ್ ಕಾಯಿಲೆಯಾಗಿತ್ತು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ರೋಗಿಗಳ ಬಗ್ಗೆ 1817ರಲ್ಲಿ ಬರೆದ ಪುಸ್ತಿಕೆಯ ಹೆಸರಲ್ಲೇ ನಡುಕವಿತ್ತು. ನಾವೂ ಅದನ್ನೇ ಹಿಡಿದುಕೊಂಡಿದ್ದೇವೆ. ಆದರೆ ಈ ಕಾಯಿಲೆಯಲ್ಲಿ ಕೆಲವರ ಕೈ ನಡುಗುವುದೇ ಇಲ್ಲ. ತಪ್ಪದೆ ಇರುವುದು ನಿಧಾನ. ಅಂಗಿಯ ಗುಂಡಿ ಹಾಕಿಕೊಳ್ಳಲು ಐದು ನಿಮಿಷ ಬೇಕು. ನಡೆಯುವಾಗ ಒಂದು ಕೈ ಬೀಸುತ್ತದೆ, ಇನ್ನೊಂದು ಸುಮ್ಮನೆ ಜೋತಾಡುತ್ತದೆ. ಭುಜ ಹಿಡಿದುಕೊಂಡಿದೆಯೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡವರಿದ್ದಾರೆ. ದನಿ ತಗ್ಗುತ್ತದೆ, ಮುಖದಲ್ಲಿ ನಗು ಮೂಡುವುದು ಕಡಿಮೆಯಾಗುತ್ತದೆ. ಮನೆಯವರು ಅದನ್ನು ಸಿಟ್ಟೆಂದುಕೊಳ್ಳುತ್ತಾರೆ. ಅದು ನನಗೆ ತುಂಬ ಸಂಕಟ ತರುವ ವಿಷಯ.

ಇದಕ್ಕೂ ಎಷ್ಟೋ ವರ್ಷ ಮೊದಲೇ ಒಗ್ಗರಣೆಯ ಘಮ ಮೂಗಿಗೆ ತಿಳಿಯದಿರಬಹುದು, ಮಲಬದ್ಧತೆ ಕಾಡಬಹುದು, ಕನಸಿಗೆ ತಕ್ಕಂತೆ ನಿದ್ದೆಯಲ್ಲೇ ಕೈಕಾಲು ಬಡಿಯಬಹುದು. ಇವುಗಳಲ್ಲಿ ಯಾವುದೋ ಒಂದಿದ್ದ ಮಾತ್ರಕ್ಕೆ ಹೆದರಬೇಕಿಲ್ಲ. ನಡುಕವೆಲ್ಲ ಪಾರ್ಕಿನ್ಸನ್ ಕೂಡ ಅಲ್ಲ. ಕಾಫಿ ಲೋಟ ಎತ್ತುವಾಗ ನಡುಗುವ ಕೈಗೆ ಹೆಚ್ಚಾಗಿ ಬೇರೆ ಕಾರಣವಿರುತ್ತದೆ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕಾಣುವುದು ತೊಡೆಯ ಮೇಲೆ ಸುಮ್ಮನಿಟ್ಟ ಕೈಯಲ್ಲಿ.

ನಡುಮಿದುಳಿನಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಭಾಗವಿದೆ. ಚಲನೆ ಸರಾಗವಾಗಲು ಬೇಕಾದ ಡೋಪಮೈನ್ ತಯಾರಿಸುವ ಕೋಶಗಳು ಇರುವುದು ಅಲ್ಲಿ. ಅವುಗಳಲ್ಲಿ ಸರಿಸುಮಾರು ಅರ್ಧ ಸತ್ತ ಮೇಲೆಯೇ ಕೈಕಾಲಿನ ಲಕ್ಷಣಗಳು ಹೊರಗೆ ಕಾಣುವುದು. ಯಾಕೆ ಸಾಯುತ್ತವೆ? ವಯಸ್ಸು ದೊಡ್ಡ ಕಾರಣ. ಕೆಲವು ಮನೆತನಗಳಲ್ಲಿ ವಂಶವಾಹಿಯ ದೋಷ. 1982ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಯುವಕರು ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡು ದಿನಗಳಲ್ಲೇ ಮರಗಟ್ಟಿ ಹೋದರು. ಅದರಲ್ಲಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಇದೇ ಕೋಶಗಳನ್ನು ಕೊಂದಿತ್ತು. ದೇಹದೊಳಗೆ ಅದು ತಾಳುವ ರೂಪಕ್ಕೂ ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ರಚನೆಯಲ್ಲಿ ಹೋಲಿಕೆಯಿದೆ. ಹಾಗಾಗಿ ಮುಖಕ್ಕೆ ಬಟ್ಟೆಯೂ ಕಟ್ಟದೆ ಔಷಧಿ ಹೊಡೆಯುವ ರೈತರನ್ನು ಕಂಡರೆ ನನಗೆ ದಿಗಿಲಾಗುತ್ತದೆ.

ಸತ್ತ ಕೋಶಗಳನ್ನು ಮರಳಿ ತರುವ ಔಷಧ ಇನ್ನೂ ಇಲ್ಲ. ಡೋಪಮೈನ್ ಕೊರತೆ ತುಂಬುವ ಲೆವೊಡೋಪಾ ಇದೆ. ನಮ್ಮ ನಸುಗುನ್ನಿ ಬೀಜದಲ್ಲೂ ಅದೇ ವಸ್ತುವಿದೆ, ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ ಸ್ವಂತ ವೈದ್ಯ ಬೇಡ.

ಇನ್ನೊಂದು ಮಾತು. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಗ್ಯಾಸ್ಟ್ರಿಕ್‌ಗೆ ಕೊಡುವ ಲೆವೊಸಲ್ಪಿರೈಡ್‌ನಂಥ ಮಾತ್ರೆಗಳೂ ಥೇಟ್ ಇದೇ ಲಕ್ಷಣಗಳನ್ನು ತರಬಲ್ಲವು. ವೈದ್ಯರು ಅವನ್ನು ನಿಲ್ಲಿಸಿದರೆ ಬಹುಪಾಲು ಜನರಿಗೆ ಕೆಲ ತಿಂಗಳಲ್ಲಿ ಗುಣವಾಗುತ್ತದೆ. ತಜ್ಞರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹಳೆಯ ಕೈಬರಹದ ಒಂದೆರಡು ಪುಟಗಳೂ ಜೊತೆಗಿರಲಿ.